ನಾಲ್ಕು, ಏಳು, ಎಂಟು

ಕುರಿಕೊರಕಲು ರಸ್ತೆ, ಮೊಂಟಾನಾ
9 ಜನವರಿ 2001

ಅಪ್ಪಾ,

ಹೊಸ ವರ್ಷದ ಕಾಗದ ತಡವಾಯ್ತು, ಬೈಬೇಡ. ಬರ್ನಿಸ್ ಈಗ ವಾರಕ್ಕೆ ಎರಡೇ ಸಲ ಅಂಚೆ ತರೋದು. ಅದೂ ಮನೆ ತನಕ ಅಲ್ಲ, ಆರು ಮೈಲಿ ಆಚೆ ಕೊರಕಲಿನ ಅಂಚಿನಲ್ಲಿ ಅಂಚೆ ಡಬ್ಬಗಳ ಸಾಲಿದೆಯಲ್ಲ, ಅಲ್ಲಿ ತನಕ. ಹೆಲೆನಾ ವೃದ್ಧಾಶ್ರಮದ ನಿನ್ನ ನರ್ಸ್ ರೋಸಲಿನ್ ಜೊತೆ ಫೋನಲ್ಲಿ ಮಾತಾಡಿದೆ. ಕಿವಿಯ ಮಿಷನ್ ತೆಗೆದು ಕಾಫಿ ಲೋಟಕ್ಕೆ ಹಾಕಿದ್ದೀಯಂತೆ. ಊಟಕ್ಕೆ ಬಾ ಅಂದ್ರೆ ಕೇಳಿಸುತ್ತಂತೆ, ಸ್ನಾನ ಮಾಡು ಅಂದ್ರೆ ಕೇಳಿಸಲ್ವಂತೆ. ಅದಕ್ಕೇ ಬರೀತಿದ್ದೀನಿ, ಓದೋದಿಲ್ಲ ಅನ್ನೋಕೆ ಆಗಲ್ಲ ನಿನಗೆ.

ಒಂದು ವ್ಯಾಪಾರದ ಮಾತು. ಜೀಪಿಗೆ ಟೈರ್ ಬೇಕು. ಈಗ ಇರೋವು ಬೋಳು, ಹಟ್ಟಿಯಿಂದ ಗೇಟಿನ ತನಕ ಹೋಗೋಕೂ ಜಾರುತ್ವೆ. ಮಾರ್ಚಿನಲ್ಲಿ ಹಸುಗಳು ಕರು ಹಾಕುತ್ವೆ, ಆಗ ಹಗಲೂ ರಾತ್ರಿ ಓಡಾಟ. ಮಾರ್ಚಿನಲ್ಲಿ ನಮ್ಮ ರಸ್ತೆ ಹೇಗಿರುತ್ತೆ ನಿನಗೆ ಗೊತ್ತು, ಮೇಲೆ ಒಂದಡಿ ಹಿಮ, ಕೆಳಗೆ ಗಂಬೋ ಕೆಸರು. ಚಕ್ರಕ್ಕೆ ಹಿಟ್ಟಿನ ಹಾಗೆ ಮೆತ್ತಿಕೊಂಡು ಚಕ್ರವೇ ತಿರುಗದ ಹಾಗೆ ಮಾಡೋ ಆ ದರಿದ್ರ ಮಣ್ಣು.

ಪೇಟೆಯ ಅಂಗಡಿಯವನು ಮೂರು ತೋರಿಸಿದ. ಒಂದು, ಮೈಮೇಲೆ ದಪ್ಪ ದಪ್ಪ ರಬ್ಬರ್ ಗುಬ್ಬಿಗಳು ಎದ್ದಿರೋ ಕೆಸರಿನ ಟೈರ್. ಎರಡನೇದು ಎಲ್ಲ ನೆಲಕ್ಕೂ ಆಗುತ್ತೆ ಅನ್ನೋದು, ಪಕ್ಕದಲ್ಲಿ ಎಂ ಪ್ಲಸ್ ಎಸ್ ಅಂತ ಬರೆದಿದೆ, ಅಂದ್ರೆ ಕೆಸರು ಮತ್ತು ಹಿಮ, ಕಣ್ಣು ಮುಚ್ಚಿ ತಗೊಳ್ಳಿ ಅಂದ. ಮೂರನೇದೂ ಅಂಥದ್ದೇ, ಆದರೆ ಪಕ್ಕದಲ್ಲಿ ಪುಟ್ಟ ಬೆಟ್ಟ, ಅದರೊಳಗೆ ಹಿಮದ ಹೂವಿನ ಚಿತ್ರ. ಯಾವುದು?

ಇಲ್ಲಾಂದ್ರೆ ನಿನ್ನ ಆ ನಾಲ್ಕನ್ನೇ ಹಾಕೋಣ ಅಂತಿದ್ದೀನಿ. ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಹಾಗೇ ಇವೆ. ತೊಂಬತ್ತೆಂಟರ ನಲವತ್ತೇಳನೇ ವಾರದ ಮಾಲು ಅಂತ ನೀನೇ ಹೇಳಿದ್ದೆ, ಒಂದು ತಿಂಗಳೂ ಓಡಿಲ್ಲ. ನಿನ್ನ ಅಳಿಯ ಲೈಲ್‌ಗೆ ಹೇಳಿದೆ. ಅವನು ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದು ಹೊರಗೆ ಹೋದ. ಆ ಜೀಪಿನ ಮಾತೆತ್ತಿದರೆ ಹೋದ ಮಾರ್ಚಿನಿಂದ ಅವನದು ಇದೇ ಕಥೆ. ಸ್ಟಿಯರಿಂಗನ್ನೂ ಮುಟ್ಟಲ್ಲ, ಎಲ್ಲ ಕಡೆ ನಾನೇ ಓಡಿಸೋದು.

ಬೇಗ ಬರಿ.

ಡ್ಯಾಗ್ನಿ


ಹೆಲೆನಾ
15 ಜನವರಿ 2001

ಮಗಳೇ,

ಮೊದಲು ಬೈಗುಳ. ನಲವತ್ತು ವರ್ಷ ಟೈರ್ ಅಂಗಡಿ ನಡೆಸಿದ ಹಾಲ್ವರ್ ಬ್ರೆಕ್ಕೆಯ ಮಗಳು ನೀನು. ಯಾವನೋ ಎಂ ಪ್ಲಸ್ ಎಸ್ ಅಂದ ಅಂತ ತಲೆಯಾಡಿಸಿಕೊಂಡು ಬಂದಿದ್ದೀಯಲ್ಲ, ನಾಚಿಕೆ ಆಗಲಿಲ್ವಾ? ಆ ಎರಡಕ್ಷರ ಹೇಳೋದು ಇಷ್ಟೇ, ಗುಬ್ಬಿಗಳ ನಡುವೆ ಇಷ್ಟಗಲ ಸಂದಿ ಬಿಟ್ಟಿದ್ದೀವಿ ಅಂತ. ಆ ಟೈರನ್ನ ಹಿಮದ ಮೇಲೆ ಓಡಿಸಿ ನೋಡಿದ್ದೀವಿ ಅಂತ ಅಲ್ಲ. ಬೆಟ್ಟದೊಳಗೆ ಹೂವಿನ ಚಿತ್ರ ಇದೆಯಲ್ಲ, ಅದು ಹೊಸ ಗುರುತು, ಬಂದು ಎರಡು ವರ್ಷ ಆಗಿಲ್ಲ. ಹಿಮದಲ್ಲಿ ಓಡಿಸಿ ಪಾಸಾದರೆ ಮಾತ್ರ ಅದನ್ನ ಒತ್ತೋದು. ಅದನ್ನೇ ತಗೋ.

ಗುಬ್ಬಿ ಟೈರ್ ಕೆಸರಿಗೆ ಚೆನ್ನ, ಕೆಸರು ತಾನೇ ಉದುರುತ್ತೆ. ಆದರೆ ಗಟ್ಟಿ ಹಿಮದ ಮೇಲೆ ಜಾರೋ ಹಲಗೆ ಅದು. ಗುಬ್ಬಿಯ ಮೈಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಗೀರುಗಳಿರಬೇಕು, ಹಿಮವನ್ನ ಕಚ್ಚೋದು ಅವು. ಅಗಲದ್ದು ತಗೋಬೇಡ. ನಿನ್ನ ಗಂಡ ಮಹಾಶಯ ಅಗಲ ಟೈರಿನ ಮೇಲೆ ಮೆರೆಯೋ ಜಾತಿ. ಕಿರಿದಾದದ್ದು ಹಿಮ ಸೀಳಿಕೊಂಡು ಕೆಳಗಿನ ನೆಲ ಮುಟ್ಟುತ್ತೆ. ಗಾಳಿಯನ್ನ ಬೆಳಿಗ್ಗೆ ಚಳಿಯಲ್ಲೇ ಅಳೆದು ನೋಡು, ಮನೆಯೊಳಗಿಂದ ತೆಗೆದ ಗಾಡಿಯಲ್ಲಿ ಅಳೆದರೆ ಸುಳ್ಳು ಹೇಳುತ್ತೆ. ಕೊರಕಲು ಇಳಿಯೋ ಮೊದಲು ಗಾಳಿಯನ್ನ ಹದಿನೆಂಟು ಪೌಂಡಿಗೆ ಇಳಿಸು, ಆಚೆ ದಡ ಹತ್ತಿದ ಮೇಲೆ ಕಾಲಲ್ಲಿ ಒತ್ತೋ ಪಂಪಿನಿಂದ ತುಂಬಿಸು. ಸೋಮಾರಿತನ ಮಾಡಬೇಡ.

ಶೆಡ್ಡಿನಲ್ಲಿರೋವು ಬೇಡ. ಅವುಗಳ ಗಾಳಿ ಸರಿಯಿಲ್ಲ. ಅಂದ್ರೆ ಅವು ಒಳ್ಳೇದು ಮಾಡಿದ ಟೈರ್ ಅಲ್ಲ, ಅಷ್ಟೇ. ಯಾಕೆ ಏನು ಅಂತ ಕೇಳಬೇಡ.

ಒಂದು ಅನುಮಾನ. ನೀನು ಎಂದೂ ಕರುಗಳಿಗೋಸ್ಕರ ಎರಡು ಹಾಳೆ ಕಾಗದ ಬರೆದವಳಲ್ಲ.

ಇಲ್ಲಿ ಶುಕ್ರವಾರ ಮೀನು ಅಂತ ಏನೋ ಕೊಡ್ತಾರೆ. ನಿಮ್ಮಮ್ಮ ಮಾರಿಟ್ ಇದ್ದಿದ್ರೆ ಅಡುಗೆಮನೆಗೇ ನುಗ್ಗಿ ಬಡಿದಿರೋಳು.

ಅಪ್ಪ


ಕುರಿಕೊರಕಲು ರಸ್ತೆ
27 ಜನವರಿ 2001

ಅಪ್ಪಾ,

ನಿನ್ನ ಅನುಮಾನ ಸರಿ. ನಾನು ಏಳು ತಿಂಗಳ ಬಸುರಿ. ಮಾರ್ಚ್ ಇಪ್ಪತ್ತರ ಹೊತ್ತಿಗೆ ಅಂದಿದ್ದಾರೆ ಡಾಕ್ಟರು.

ಕೋಪ ಮಾಡ್ಕೋಬೇಡ. ಹೋದ ಸಲ ಬಸುರಿ ಅಂತ ನಿನಗೆ ಹೇಳಿದ ಮಧ್ಯಾಹ್ನವೇ ನೀನು ಅಂಗಡಿ ಮುಂದೆ ಬೋರ್ಡು ತೂಗುಹಾಕಿದ್ದೆ, ಅಜ್ಜ ಆಗ್ತಿದ್ದೀನಿ ಇವತ್ತು ಪಂಕ್ಚರ್ ಪುಕ್ಕಟೆ ಅಂತ. ತೊಟ್ಟಿಲಿಗೆ ಮೊಳೆ ಹೊಡೆದೆ. ನಾಲ್ಕು ಟೈರ್ ತಂದು ಜೀಪಿಗೆ ಹಾಕಿ, ಇದು ಮೊಮ್ಮಗುವಿಗೆ ನನ್ನ ಉಡುಗೊರೆ ಅಂದೆ. ಆಮೇಲೆ ಆ ತೊಟ್ಟಿಲನ್ನ ನಾನು ಹಟ್ಟಿಯ ಅಟ್ಟಕ್ಕೆ ಎತ್ತಿಡಬೇಕಾಯ್ತು. ಈ ಸಲ ಯಾರಿಗೂ ಹೇಳೋ ಧೈರ್ಯ ಬರಲಿಲ್ಲ. ಹೇಳಿದರೆ ಹೋಗಿಬಿಡುತ್ತೇನೋ ಅನ್ನೋ ಭಯ.

ನಾನು ಹೆದರಿದ್ದೀನಿ ಅಪ್ಪ. ಸುಮ್ಮನೆ ಅಲ್ಲ, ಬೆಳಿಗ್ಗೆ ಎದ್ದು ಕಾಫಿಗೆ ನೀರಿಡೋ ಮೊದಲೇ ಕಿಟಕಿಯಿಂದ ರಸ್ತೆಯ ಹಿಮ ನೋಡ್ತೀನಿ. ಹೋದ ವರ್ಷ ಮಾರ್ಚ್ ಹತ್ತೊಂಬತ್ತು. ಕೊರಕಲಿನ ತಳದಲ್ಲಿ ಐದು ಗಂಟೆ ಕೂತಿದ್ದೆ. ಲೈಲ್ ಹತ್ತಿಸೋಕೆ ನೋಡ್ತಾನೆ, ಚಕ್ರ ಗಿರಗಿರ ತಿರುಗುತ್ತೆ, ಜೀಪು ಹಿಂದಕ್ಕೇ ಜಾರುತ್ತೆ. ಹಿಮ ತೆಗೆಯೋ ಗಾಡಿ ಬರೋ ಹೊತ್ತಿಗೆ ಮಗು ಹುಟ್ಟಿ ಆಗಿತ್ತು, ಹೋಗಿಯೂ ಆಗಿತ್ತು. ಈಗ ಅದೇ ತಿಂಗಳು, ಅದೇ ರಸ್ತೆ. ಇನ್ನೊಂದು ಸಲ ಆ ತಳದಲ್ಲಿ ಕೂರೋ ಶಕ್ತಿ ನನಗಿಲ್ಲ.

ಬೆಟ್ಟದ ಗುರುತಿನ ಕಿರಿದಾದ ಟೈರ್‌ಗೆ ಹೇಳಿ ಬಂದೆ. ಮೂರು ವಾರ ಅಂದ. ಟೈರ್ ಬಂದ ಮೇಲೆ, ಮಾರ್ಚ್ ಮೊದಲಲ್ಲೇ ಪೇಟೆಗೆ ಹೋಗಿ ಬರ್ನಿಸ್ ಮನೆಯ ಮಹಡಿ ಕೋಣೆಯಲ್ಲಿ ಇರ್ತೀನಿ. ಆಸ್ಪತ್ರೆ ಎರಡು ಬೀದಿ ಆಚೆ.

ಲೈಲ್ ವಿಚಿತ್ರವಾಗಿದ್ದಾನೆ. ನಾನು ಆ ಟೈರಿನ ಮಾತೆತ್ತಿದ ಮಾರನೇ ದಿನ ಶೆಡ್ಡಿಗೆ ಬೀಗ ಹಾಕಿದ. ಹನ್ನೊಂದು ವರ್ಷದಲ್ಲಿ ಆ ಶೆಡ್ಡು ಬೀಗ ಕಂಡಿರಲಿಲ್ಲ. ಬೀಗದ ಕೈ ಜೇಬಲ್ಲೇ ಇಟ್ಟುಕೊಂಡು ಮಲಗ್ತಾನೆ. ಕೇಳಿದರೆ, ಬಿಡು ಡ್ಯಾಗ್ನಿ, ಅಂತಾನೆ ಅಷ್ಟೇ. ತಪ್ಪು ತನ್ನದು ಅಂತ ಒಳಗೊಳಗೇ ಬೇಯ್ತಿದ್ದಾನೆ ಅನ್ಸುತ್ತೆ. ನೀನೂ ಅವತ್ತು ಸಮಾಧಿ ಹತ್ತಿರ ಹೇಳಬಾರದ್ದು ಹೇಳಿದೆ. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ ನೀನು. ಪಾದ್ರಿಯಿಂದ ಹಿಡಿದು ಎಲ್ಲರಿಗೂ ಕೇಳಿಸಿತು, ದನ ಕಾಯೋ ಕೈಗೆ ಸ್ಟಿಯರಿಂಗ್ ಯಾಕೆ ಕೊಟ್ರಿ ಅಂದದ್ದು.

ಏನಾದರೂ ಧೈರ್ಯದ ಮಾತು ಬರಿ.

ಡ್ಯಾಗ್ನಿ


ಹೆಲೆನಾ
2 ಫೆಬ್ರವರಿ 2001

ಮಗಳೇ,

ನಿನ್ನ ಕಾಗದ ಮೂರು ಸಲ ಓದಿದೆ. ರೋಸಲಿನ್ ಬಂದು ಯಾಕೆ ಅಳ್ತಿದ್ದೀರಿ ಅಂದಳು. ಕೇಳಿಸಲಿಲ್ಲ ಅಂದೆ.

ಬೋರ್ಡು ಹಾಕಲ್ಲ. ಯಾರಿಗೂ ಹೇಳಲ್ಲ. ಕೋಪವೂ ಇಲ್ಲ. ಮಾರ್ಚ್ ತನಕ ಕಾಯಬೇಡ, ರಸ್ತೆ ಗಟ್ಟಿಯಾಗಿ ಹೆಪ್ಪುಗಟ್ಟಿರೋ ಈ ತಿಂಗಳಲ್ಲೇ ಪೇಟೆಗೆ ಹೋಗು. ಲೈಲ್ ದನ ನೋಡ್ಕೊಳ್ಳಲಿ. ನೀನು ಹೋಗು.

ಅವನನ್ನ ಕೆಣಕಬೇಡ. ಶೆಡ್ಡಿನ ಬೀಗ ಅವನಿಷ್ಟ. ಗಂಡಸಿಗೆ ತನ್ನದು ಅಂತ ಒಂದು ಬೀಗ ಇರಲಿ. ನೀನು ಆ ಶೆಡ್ಡು ತೆಗೀಬೇಡ, ಆ ಟೈರು ಮುಟ್ಟಬೇಡ. ನಿಮ್ಮಮ್ಮನ ಆಣೆ.

ಮೇಲೆ ನಾಲ್ಕು ಸಾಲು ಹೊಡೆದು ಹಾಕಿದ್ದೀನಿ. ಬೆಳಕಿಗೆ ಹಿಡಿದು ಓದೋಕೆ ಹೋಗಬೇಡ. ಕಾಗುಣಿತ ತಪ್ಪಿತ್ತು.

ಸಮಾಧಿ ಹತ್ತಿರ ನಾನಂದದ್ದು, ಕಿವುಡನಿಗೆ ತನ್ನ ದನಿ ಎಷ್ಟು ಜೋರು ಅಂತ ಗೊತ್ತಾಗಲ್ಲ.

ಅಪ್ಪ


ಕುರಿಕೊರಕಲು ರಸ್ತೆ
21 ಫೆಬ್ರವರಿ 2001

ಅಪ್ಪಾ,

ಇದನ್ನ ಓದಿದ ಮೇಲೆ ರೋಸಲಿನ್ ಕೈಗೆ ಸಿಗದ ಹಾಗೆ ಇಡು.

ಹತ್ತು ದಿನ ಬಿರುಗಾಳಿ ಹಿಮ ಬಿತ್ತು. ಪೇಟೆಗೆ ಹೋಗೋ ಮಾತೇ ಇರಲಿಲ್ಲ. ಹೊಸ ಟೈರ್ ಬಂದಿಲ್ಲ, ದಾರಿಯಲ್ಲಿ ಎಲ್ಲೋ ಲಾರಿ ನಿಂತಿದೆಯಂತೆ. ನಿನ್ನೆ ಲೈಲ್ ದನಗಳಿಗೆ ಹುಲ್ಲು ಹಾಕೋಕೆ ಹೋದಾಗ ಕಬ್ಬಿಣದ ಸಲಾಕೆ ತಗೊಂಡು ಶೆಡ್ಡಿನ ಬೀಗ ಮೀಟಿದೆ. ಅಮ್ಮನ ಆಣೆ ಮುರಿದೆ. ಅಮ್ಮನಾದರೂ ಅದನ್ನೇ ಮಾಡ್ತಿದ್ದಳು. ನಾನೇ ಟೈರ್ ಹಾಕೋಣ ಅಂದುಕೊಂಡಿದ್ದೆ, ಹನ್ನೆರಡನೇ ವಯಸ್ಸಿಗೇ ನಿನ್ನ ಅಂಗಡಿಯಲ್ಲಿ ಜ್ಯಾಕ್ ಹಾಕಿದವಳು ನಾನು.

ಟಾರ್ಪಾಲು ಎತ್ತಿದೆ. ನಾಲ್ಕೂ ಟೈರ್ ಚಾಕುವಿನಿಂದ ಸೀಳಿದ್ದಾರೆ. ಸವೆದು ಹರಿದದ್ದಲ್ಲ, ಇಲಿ ಕಡಿದದ್ದಲ್ಲ. ಪಕ್ಕದ ಗೋಡೆಯಲ್ಲಿ ಈ ಕೊನೆಯಿಂದ ಆ ಕೊನೆಗೆ, ನಾಲ್ಕಕ್ಕೂ ಒಂದೇ ಅಳತೆಗೆ ಎಳೆದ ಗಾಯ. ಮೂರು ಮೈಲಿ ಸುತ್ತ ನಾವಿಬ್ಬರು ಬಿಟ್ಟರೆ ಯಾರಿದ್ದಾರೆ ಇಲ್ಲಿ?

ತಿರುಗಿ ನೋಡಿದರೆ ಲೈಲ್ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕೈಯಲ್ಲಿ ಹುಲ್ಲಿನ ಹಗ್ಗ ಕತ್ತರಿಸೋ ಚಾಕು ಇತ್ತು. ಯಾಕೆ ಹೀಗೆ ಮಾಡಿದೆ ಅಂದೆ. ಮುಖ ಬಿಳಿಚಿಕೊಂಡಿತು ಅವನದು. "ಬಾಗಿಲು ಹಾಕ್ಕೊಂಡು ಬಾ ಡ್ಯಾಗ್ನಿ, ಚಳಿ ಇದೆ," ಅಂದ. ಅಷ್ಟೇ.

ನನಗೆ ಏನೇನೋ ಅನ್ನಿಸ್ತಿದೆ. ಈ ಮಗು ಅವನಿಗೆ ಬೇಡವಾ? ನಾನು ಪೇಟೆ ಸೇರೋದು ಅವನಿಗೆ ಬೇಡವಾ? ಬೇರೆ ಟೈರ್ ಇಲ್ಲ ಅಂತ ಗೊತ್ತಿದ್ದೂ ಇದ್ದ ನಾಲ್ಕನ್ನ ಸೀಳೋ ಮನುಷ್ಯ ಒಳಗೆ ಏನು ಇಟ್ಟುಕೊಂಡಿದ್ದಾನೆ? ಹೋದ ವರ್ಷ ಕೊರಕಲಿನಲ್ಲಿ ಅವನು ನಿಜವಾಗಿ ಹತ್ತಿಸೋಕೆ ನೋಡಿದನಾ ಅನ್ನೋ ಯೋಚನೆ ಕೂಡ ಬಂತು. ಬರೆದ ಮೇಲೆ ನನಗೇ ಹೇಸಿಗೆ ಆಗ್ತಿದೆ, ಆದರೆ ಬಂದದ್ದು ನಿಜ. ನನ್ನ ಗಂಡನ ಬೂಟಿನ ಸದ್ದಿಗೆ ನಾನು ಬೆಚ್ಚಿ ಬೀಳ್ತಿದ್ದೀನಿ ಅಪ್ಪ.

ಮಾರ್ಚ್ 3, ಶನಿವಾರ, ಅವನು ಪಕ್ಕದವರ ದನದ ರಾಂಚಿಗೆ ಕರು ಎಳೆಯೋಕೆ ಸಹಾಯಕ್ಕೆ ಹೋಗ್ತಾನೆ. ಅವನು ಅತ್ತ ಹೋದ ಕೂಡಲೇ ನಾನು ಈ ಬೋಳು ಟೈರಿನಲ್ಲೇ ಹೊರಡ್ತೀನಿ. ಬರ್ನಿಸ್ ಮನೆಗಲ್ಲ, ಅಲ್ಲಿಗೆ ಅವನು ಬರ್ತಾನೆ. ನಿನ್ನ ಹತ್ತಿರ ಬರ್ತೀನಿ. ಕೊರಕಲು ದಾಟಿಬಿಟ್ಟರೆ ಆಮೇಲೆ ಡಾಂಬರು ರಸ್ತೆ. ಗಾಳಿ ಹದಿನೆಂಟಕ್ಕೆ ಇಳಿಸ್ತೀನಿ, ನೀನು ಹೇಳಿದ ಹಾಗೆ.

ನಿನ್ನ ಕೋಣೆಯಲ್ಲಿ ನನಗೊಂದು ಮಂಚ ಹಾಕಿಸು.

ಡ್ಯಾಗ್ನಿ


ಹೆಲೆನಾ
26 ಫೆಬ್ರವರಿ 2001

ಡ್ಯಾಗ್ನಿ,

ಹೊರಡಬೇಡ. ಇದನ್ನ ಮೊದಲು ಬರೀತೀನಿ, ಮಿಕ್ಕದ್ದು ಓದದೆ ಇದ್ದರೂ ಇದೊಂದು ಓದು. ಆ ಬೋಳು ಟೈರಿನಲ್ಲಿ ಕೊರಕಲಿಗೆ ಇಳೀಬೇಡ. ಲೈಲ್‌ಗೆ ಹೆದರಬೇಡ.

ನಿನ್ನ ಕಾಗದ ಈಗ ಹನ್ನೊಂದು ಗಂಟೆಗೆ ಬಂತು. ರೋಸಲಿನ್ ಕೈಲಿ ನಿಮ್ಮ ಮನೆಗೆ, ಬರ್ನಿಸ್‌ಗೆ, ಪೋಸ್ಟ್ ಆಫೀಸಿಗೆ ಫೋನ್ ಮಾಡಿಸಿದೆ. ಹಿಮದ ಭಾರಕ್ಕೆ ನಿಮ್ಮ ಕಡೆಯ ತಂತಿಯೆಲ್ಲ ಹರಿದು ಬಿದ್ದಿದೆಯಂತೆ. ಈ ಕಾಗದ ಇವತ್ತಿನ ಅಂಚೆಗೇ ಹೋಗಬೇಕು, ಅದಕ್ಕೆ ಸುತ್ತಿ ಬಳಸಿ ಬರೆಯೋಕೆ ಪುರುಸೊತ್ತಿಲ್ಲ. ಇದ್ದಿದ್ರೆ ಮತ್ತೆ ನಾಲ್ಕು ಸಾಲು ಹೊಡೆದು ಹಾಕ್ತಿದ್ದೆ.

ಆ ಟೈರ್ ಸೀಳಿದ್ದು ಲೈಲೇ. ಯಾಕೆ ಅಂತ ನನಗೆ ಗೊತ್ತು.

ಅವುಗಳ ಪಕ್ಕದಲ್ಲಿ ಒತ್ತಿರೋ ನಂಬರ್ 478. ಮೊದಲೆರಡು ಅಂಕಿ ವಾರ, ಕೊನೇದು ವರ್ಷ. ಎಂಟು ಅಂದ್ರೆ ಯಾವ ಎಂಟು? ತೊಂಬತ್ತೆಂಟು ಆಗಿದ್ರೆ ಎಂಟರ ಪಕ್ಕದಲ್ಲಿ ಸಾಸಿವೆಕಾಳಿನಷ್ಟು ತ್ರಿಕೋಣ ಇರುತ್ತೆ. ಇಲ್ಲದಿದ್ರೆ ಎಂಬತ್ತೆಂಟು. ಮುಚ್ಚಿಹೋದ ಒಂದು ಹಳೇ ಅಂಗಡಿಯ ಗೋದಾಮಿನಿಂದ ಅವನ್ನ ತಂದೆ. ಒಂದು ದಿನವೂ ಓಡದ ಟೈರ್, ಬೆರಳ ಗೆಣ್ಣಿನಷ್ಟು ಆಳದ ಗುಬ್ಬಿ, ಮಿರಮಿರ ಮಿಂಚ್ತಿದ್ವು. ಕನ್ನಡಕ ಮೇಜಿನ ಮೇಲಿತ್ತು. ಹಾಕಿಕೊಳ್ಳೋಕೆ ಸೊಕ್ಕು, ನಲವತ್ತು ವರ್ಷದ ಅನುಭವ ಅಲ್ವಾ. ನಾಲ್ಕು, ಏಳು, ಎಂಟು ಅಂತ ಓದಿದೆ, ತೊಂಬತ್ತೆಂಟು ಅಂತ ನಾನೇ ಅಂದುಕೊಂಡೆ. ಕೈಗೆ ರಬ್ಬರ್ ಗಟ್ಟಿ ಹತ್ತಿತು. ಚಳಿ ಇದೆ, ಅದಕ್ಕೆ ಅಂದುಕೊಂಡೆ. ಮೊಮ್ಮಗುವಿಗೆ ಉಡುಗೊರೆ ಅಂತ ಊರಿಗೆಲ್ಲ ಹೇಳಿಕೊಂಡು ಹನ್ನೊಂದು ವರ್ಷದ ಹಳೇ ರಬ್ಬರನ್ನ ನಿನ್ನ ಜೀಪಿಗೆ ಹಾಕಿದೆ. ಹಳೇ ರಬ್ಬರ್ ದನದ ಕೊಂಬಿನಷ್ಟು ಗಟ್ಟಿ ಆಗಿಬಿಟ್ಟಿರುತ್ತೆ ಡ್ಯಾಗ್ನಿ. ಗುಬ್ಬಿ ಎಷ್ಟು ಆಳ ಇದ್ದರೇನು, ಹಿಮ ಕಚ್ಚಲ್ಲ. ಅವತ್ತು ಆ ದಡ ಯಾರು ಓಡಿಸಿದ್ದರೂ ಹತ್ತುತ್ತಿರಲಿಲ್ಲ. ನಾನು ಓಡಿಸಿದ್ದರೂ.

ಸಮಾಧಿ ಆದ ವಾರಕ್ಕೆ ನಿಮ್ಮ ಅಂಗಳದಲ್ಲಿ ಲೈಲ್ ಆ ಟೈರ್ ಬಿಚ್ಚಿದ. ನಾನು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದೆ, ಅವತ್ತು ಕನ್ನಡಕ ಇತ್ತು ಕಣ್ಣಿಗೆ. ಎಂಟರ ಪಕ್ಕದಲ್ಲಿ ಏನೂ ಇಲ್ಲದ್ದು ಕಂಡಿತು. ಅವನೂ ಅದರ ಮುಂದೆ ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಆಮೇಲೆ ಕೇಳಿದ, "ಮಾವ, ಈ ಎಂಟು ಯಾವ ಎಂಟು?"

ನನಗೆ ಕೇಳಿಸಿತು. ಕನ್ನಡಕ ತೆಗೆದು ಒರೆಸ್ತಾ ಕೂತೆ. ಎದ್ದು ಬಂದು ನನ್ನ ಎಡ ಕಿವಿಗೆ ಬಾಯಿ ಇಟ್ಟು ಇನ್ನೊಂದು ಸಲ ಕೇಳಿದ. ನಾನು ಆಕಾಶ ನೋಡಿ, ಹೂಂ, ಮಳೆ ಬರೋ ಹಾಗಿದೆ, ಅಂದೆ.

ಅವನು ಮತ್ತೆ ಕೇಳಲಿಲ್ಲ. ಒಂದು ವರ್ಷ ಆಯ್ತು. ನಾನು ಊರೆಲ್ಲ ಕೇಳೋ ಹಾಗೆ ಅವನ ಕೈಗೆ ಹಾಕಿದ ಕೊಲೆಯನ್ನ ಅವನು ಹೊತ್ತುಕೊಂಡು ಓಡಾಡ್ತಿದ್ದಾನೆ. ಎಸೆದರೆ ಯಾರಾದರೂ ಎತ್ತಿಕೊಂಡು ಹೋಗಿ ಹಾಕ್ಕೋತಾರೆ, ಅದಕ್ಕೇ ಸೀಳಿರ್ತಾನೆ. ನಿನಗೆ ಗೊತ್ತಾಗಬಾರದು ಅಂತ ಬೀಗ ಹಾಕಿರ್ತಾನೆ. ನೀನು ಕೇಳಿದಾಗ ಅವನ ಮುಖ ಬಿಳಿಚಿದ್ದು ಸಿಕ್ಕಿಬಿದ್ದೆ ಅಂತ ಅಲ್ಲ, ನಾನು ಸಿಕ್ಕಿಬೀಳ್ತೀನಿ ಅಂತ.

ಹೆದರಬೇಕಾದ ಮನುಷ್ಯ ಅವನಲ್ಲ. ಮನೆಯಲ್ಲೇ ಇರು. ಅವನನ್ನ ಕೇಳು.

ಹಾಲ್ವರ್


ಹೆಲೆನಾ
5 ಮಾರ್ಚ್ 2001

ಡ್ಯಾಗ್ನಿ,

ಶನಿವಾರ ಬೆಳಿಗ್ಗೆಯಿಂದ ಕಿಟಕಿ ಮುಂದೆ ಕೂತಿದ್ದೆ. ಮಂಚ ಹಾಕಿಸಿದ್ದೆ. ನೀನು ಬರಲಿಲ್ಲ. ಭಾನುವಾರವೂ ಬರಲಿಲ್ಲ.

ನನ್ನ ಕಾಗದ ಸಿಕ್ಕಿ ನೀನು ಮನೆಯಲ್ಲೇ ಉಳಿದೆಯಾ, ಕಾಗದ ಸಿಗದೆ ಹೊರಟೆಯಾ, ಹೊರಟು ಎಲ್ಲಿದ್ದೀಯಾ. ಈ ಮೂರೇ ಪ್ರಶ್ನೆ ಸುತ್ತುತ್ತಿವೆ. ನಿಮ್ಮ ಫೋನು ಇನ್ನೂ ಸತ್ತಿದೆ. ಶೆರಿಫ್‌ನ ಪೊಲೀಸ್ ಕಚೇರಿಗೆ ರೋಸಲಿನ್ ಹೇಗೋ ಸುದ್ದಿ ಮುಟ್ಟಿಸಿದಳು. ಕುರಿಕೊರಕಲು ರಸ್ತೆ ಮುಚ್ಚಿದೆ, ತೆಗೆದ ಮೇಲೆ ನೋಡ್ತೀವಿ ಅಂದರಂತೆ.

ಒಂದು ಸಾಲು ಸಾಕು. ಬೈದೇ ಬರಿ.

ಅಪ್ಪ


ಹೆಲೆನಾ
14 ಮಾರ್ಚ್ 2001

ಲೈಲ್,

ನಿನಗೆ ನಾನು ಇಲ್ಲಿತನಕ ಒಂದು ಕಾಗದ ಬರೆದವನಲ್ಲ. ಈಗ ಬರೆಯೋಕೆ ಮುಖ ಇಲ್ಲ.

ನೀನು ಕೇಳಿದ್ದು ಎಂಬತ್ತೆಂಟು. ನನಗೆ ಎರಡು ಸಲವೂ ಕೇಳಿಸಿತ್ತು.

ಅವಳು ಬದುಕಿದ್ದಾಳಾ ಅಷ್ಟು ಹೇಳು.

ಹಾಲ್ವರ್ ಬ್ರೆಕ್ಕೆ


ಬರ್ನಿಸ್ ಮನೆ, ಮಹಡಿ ಕೋಣೆ
29 ಮಾರ್ಚ್ 2001

ಅಪ್ಪಾ,

ಬದುಕಿದ್ದೀನಿ. ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಮಗಳು ಹುಟ್ಟಿದಳು, ಆಸ್ಪತ್ರೆಯಲ್ಲಿ, ಬಿಳೀ ಹಾಸಿಗೆ ಮೇಲೆ. ಮಾರಿಟ್ ಅಂತ ಹೆಸರಿಟ್ಟಿದ್ದೀವಿ. ಅಮ್ಮನ ಹಾಗೇ ಗಲ್ಲ, ಅಮ್ಮನ ಹಾಗೇ ಕೋಪ. ಏಳು ಪೌಂಡು.

ಮಾರ್ಚ್ ಮೂರಕ್ಕೆ ನಾನು ಹೊರಟೆ. ಲೈಲ್ ಪಕ್ಕದ ರಾಂಚಿಗೆ ನಡೆದು ಹೋದ ಕಾಲು ಗಂಟೆಗೆ ಚೀಲ ತಗೊಂಡು ಜೀಪು ಹತ್ತಿದೆ. ಮನೆಯಿಂದ ಡಬ್ಬಗಳ ಸಾಲಿನ ತನಕ ಆರು ಮೈಲಿಗೆ ಒಂದೂವರೆ ಗಂಟೆ ಹಿಡೀತು, ಎರಡು ಸಲ ಹಳ್ಳಕ್ಕೆ ಜಾರಿದೆ. ಕೊರಕಲಿನ ಅಂಚಿಗೆ ಬಂದು ಗಾಳಿ ಬಿಡೋಕೆ ಇಳಿದೆ. ಮೂರು ಚಕ್ರದ್ದು ಬಿಟ್ಟಾಗಿತ್ತು. ಅಭ್ಯಾಸ ನೋಡು, ಡಬ್ಬದ ಪಕ್ಕ ನಿಂತ ಮೇಲೆ ಕೈ ತಾನಾಗೇ ಒಳಗೆ ಹೋಯ್ತು. ಬರ್ನಿಸ್ ಹಿಂದಿನ ದಿನ ಆಚೆ ದಡದಲ್ಲಿ ಗಾಡಿ ನಿಲ್ಲಿಸಿ, ಕೊರಕಲನ್ನ ನಡೆದೇ ದಾಟಿ ಅಂಚೆ ಹಾಕಿ ಹೋಗಿದ್ದಳು. ನಿನ್ನ ಕಾಗದ ಮೇಲೇ ಇತ್ತು.

ಎಂಜಿನ್ ಹಾಗೇ ಓಡೋಕೆ ಬಿಟ್ಟು ಸ್ಟಿಯರಿಂಗ್ ಮೇಲೆ ಹರಡಿಕೊಂಡು ಓದಿದೆ. ಕೆಳಗೆ ಕೊರಕಲಿನ ತಳ ಕಾಣ್ತಿತ್ತು. ಆ ಐದು ಗಂಟೆ ಕೂತ ಜಾಗ ಕಾಣ್ತಿತ್ತು. ಎಷ್ಟು ಹೊತ್ತು ಕೂತೆನೋ, ಕಿಟಕಿ ಗಾಜು ಒಳಗಿನಿಂದ ಮಂಜಾಗಿ ಏನೂ ಕಾಣದ ಹಾಗೆ ಆಯ್ತು. ಒರೆಸಿ ನೋಡಿದರೆ ದೂರದಲ್ಲಿ ಯಾರೋ ಬರ್ತಿದ್ದರು. ಲೈಲ್. ಕರು ಎಳೆಯೋ ಹಗ್ಗ ಮರೆತು ಅರ್ಧ ದಾರಿಯಿಂದ ಮನೆಗೆ ವಾಪಸ್ ಬಂದವನು, ಗೇಟಿನಲ್ಲಿ ನನ್ನ ಚಕ್ರದ ಗುರುತು ನೋಡಿ ಅದನ್ನೇ ಹಿಡಿದು ಮೊಣಕಾಲುದ್ದ ಹಿಮದಲ್ಲಿ ನಡೆದು ಬಂದಿದ್ದ. ಮೀಸೆಯೆಲ್ಲ ಮಂಜುಗಡ್ಡೆ. ಜೀಪು ಇಳಿದಿಲ್ಲ ಅಂತ ಕಂಡ ಕೂಡಲೇ ರಸ್ತೆ ಮಧ್ಯೆ ಕೂತುಬಿಟ್ಟ.

ನಿನ್ನ ಕಾಗದ ಅವನ ಕೈಗೆ ಕೊಟ್ಟೆ. ಅವನು ಓದಿ ಮಡಚಿ ವಾಪಸ್ ಕೊಟ್ಟ. ಯಾಕೆ ಹೇಳಲಿಲ್ಲ ನನಗೆ, ಒಂದು ವರ್ಷ, ಯಾಕೆ ಅಂತ ಅವನ ಎದೆಗೆ ಗುದ್ದಿ ಕೇಳಿದೆ.

"ನಿಂಗೆ ಮಗು ಹೋಗಿತ್ತು," ಅಂದ. "ಅಪ್ಪನೂ ಹೋಗೋದು ಬೇಡ ಅಂತ."

ಹಿಂದಕ್ಕೆ ಅವನೇ ಓಡಿಸಿದ. ವರ್ಷದ ಮೇಲೆ ಸ್ಟಿಯರಿಂಗ್ ಮುಟ್ಟಿದ. ಬೋಳು ಟೈರಿನಲ್ಲಿ ಒಂದು ಸಲವೂ ಜಾರಿಸಲಿಲ್ಲ ಅಪ್ಪ. ದನ ಕಾಯೋ ಕೈ.

ಹೊಸ ಟೈರ್ ಒಂಬತ್ತನೇ ತಾರೀಖಿಗೆ ಪೇಟೆಗೆ ಬಂದಿದ್ವು. ಹತ್ತಕ್ಕೆ ಅವನು ಕುದುರೆ ಮೇಲೆ ಕೊರಕಲು ದಾಟಿ, ಬರ್ನಿಸ್ ಗಾಡಿಯಿಂದ ಎರಡೆರಡಾಗಿ ತಡಿಯ ಎರಡೂ ಪಕ್ಕಕ್ಕೆ ಕಟ್ಟಿಕೊಂಡು ತಂದ. ಹಾಕೋ ಮೊದಲು ಇಬ್ಬರೂ ಹೊರಗೆ ಬೆಳಕಿನಲ್ಲಿ ಒಂದೊಂದನ್ನೂ ತಿರುಗಿಸಿ ಓದಿದ್ವಿ. ಈಗ ನಾಲ್ಕು ಅಂಕಿ ಒತ್ತುತ್ತಾರೆ. ನಾಲ್ಕು, ಐದು, ಸೊನ್ನೆ, ಸೊನ್ನೆ. ಎರಡು ಸಾವಿರದ ಇಸವಿಯ ನಲವತ್ತೈದನೇ ವಾರ. ಅವನು ಓದಿದ್ದನ್ನ ನಾನು ಓದಿದೆ, ನಾನು ಓದಿದ್ದನ್ನ ಅವನು ಓದಿದ. ಬೆಟ್ಟದೊಳಗಿನ ಹೂವನ್ನೂ ಬೆರಳಿಟ್ಟು ಮುಟ್ಟಿದೆ. ಹನ್ನೊಂದಕ್ಕೆ ಹೊರಟ್ವಿ. ಕೊರಕಲಿನ ತಳದಲ್ಲಿ ನಾನು ಕಣ್ಣು ಮುಚ್ಚಿ ಅವನ ತೋಳು ಹಿಡಿದಿದ್ದೆ, ಉಗುರಿನ ಗುರುತು ಇನ್ನೂ ಇದೆ. ಹಿಂದಿನ ಚಕ್ರ ಒಂದು ಸಲ ನಿಂತಲ್ಲೇ ಸುತ್ತಿತು. ಆಮೇಲೆ ಕಚ್ಚಿಕೊಳ್ತು. ಹತ್ತಿತು.

ಈಗ ಇದನ್ನ ಕೇಳು. ನಿನ್ನ ಐದನೇ ತಾರೀಖಿನ ಕಾಗದ ಹನ್ನೊಂದಕ್ಕೇ ನನಗೆ ಸಿಕ್ಕಿತ್ತು. ಲೈಲ್‌ಗೆ ಬರೆದದ್ದೂ ಸಿಕ್ಕಿತು. ಫೋನು ಹದಿನಾರಕ್ಕೆ ಸರಿಯಾಯ್ತು, ರೋಸಲಿನ್ ಮಾಡಿದರೆ ಏನೂ ಹೇಳಬೇಡ ಅಂತ ಬರ್ನಿಸ್‌ಗೆ ನಾನೇ ಅಂದೆ. ಒಂದು ಸಾಲು ಬರೆದುಬಿಡೋಣ, ಮುದುಕ ಸಾಯ್ತಿರ್ತಾನೆ, ಅಂತ ಲೈಲ್ ದಿನಾ ಅಂದ. ಪೆನ್ನು ತಂದು ಮುಂದೆ ಇಟ್ಟ. ನಾನೇ ಬೇಡ ಅಂದೆ. ಬೇಕಂತಲೇ ಬರೀಲಿಲ್ಲ. ನನ್ನ ಗಂಡನಿಗೆ ನಾನು ಹೆದರಿದ ಒಂದೊಂದು ದಿನಕ್ಕೂ ನೀನೂ ಒಂದೊಂದು ದಿನ ಹೆದರು ಅಂತ. ಅದು ಒಳ್ಳೇ ಕೆಲಸ ಅಲ್ಲ, ಗೊತ್ತು. ಮಗು ಹುಟ್ಟಿದ ಮೇಲೂ ಒಂದು ವಾರ ಬಿಟ್ಟೆ. ಇವತ್ತು ಅವಳಿಗೆ ಹಾಲು ಕೊಡ್ತಾ ಇದ್ದಾಗ ಸಾಕು ಅನ್ನಿಸಿತು.

ಕ್ಷಮಿಸಿದ್ದೀನಿ ಅಂತ ಬರೆಯಲ್ಲ. ಇನ್ನೂ ಇಲ್ಲ. ಟೈರ್ ತಪ್ಪಾಗಿ ಓದಿದ್ದಕ್ಕೆ ಕೋಪ ಇಲ್ಲ, ನಂಬು. ಮಳೆ ಬರೋ ಹಾಗಿದೆ ಅಂದೆಯಲ್ಲ, ಅದಕ್ಕೆ ಇದೆ.

ಲೈಲ್ ಅಟ್ಟದಿಂದ ನಿನ್ನ ತೊಟ್ಟಿಲು ಇಳಿಸಿ ಒರೆಸಿ ಇಟ್ಟಿದ್ದಾನೆ. ಒಂದು ಕಾಲು ಅಲ್ಲಾಡುತ್ತೆ, ಮಾವನೇ ಬಂದು ಸರಿ ಮಾಡಲಿ, ನಾನು ಮುಟ್ಟಲ್ಲ ಅಂತಾನೆ. ಮೇ ತಿಂಗಳಲ್ಲಿ ರಸ್ತೆ ಒಣಗಿದ ಮೇಲೆ ನಿನ್ನನ್ನ ಕರ್ಕೊಂಡು ಬರೋಕೆ ಅವನೇ ಜೀಪು ತಗೊಂಡು ಬರ್ತಾನೆ. ಅವನ ಪಕ್ಕದ ಸೀಟಿನಲ್ಲಿ ಕೂತು ಬಾ, ಹಿಂದೆ ಅಲ್ಲ. ಆ ಸಮಾಧಿಯ ಹತ್ತಿರ ನಿಲ್ಲಿಸಿ, ಅವತ್ತು ಎಷ್ಟು ಜೋರಾಗಿ ಅಂದೆಯೋ ಅಷ್ಟೇ ಜೋರಾಗಿ ಅವನಿಗೆ ಹೇಳಬೇಕಾದ್ದು ಹೇಳು.

ಆಮೇಲೆ ಮನೆಗೆ ಬಾ. ಮಾರಿಟ್‌ಳನ್ನ ನಿನ್ನ ತೊಡೆ ಮೇಲೆ ಮಲಗಿಸಿ, ನಾನು ಹೇಳಬೇಕಾದ್ದನ್ನ ಪೂರ್ತಿ ನಿನ್ನ ಎಡ ಕಿವಿಗೆ ಹೇಳ್ತೀನಿ. ಕೇಳಿಸಲಿಲ್ಲ ಅನ್ನಬೇಡ.

ಡ್ಯಾಗ್ನಿ